ದವನದ ಹುಣ್ಣಿಮೆಗೆ ಎರವಲು ಹೆಸರೇಕೆ?

ಏಪ್ರಿಲ್ ತಿಂಗಳ ಹುಣ್ಣಿಮೆ ಸಮೀಪಿಸಿದೊಡನೆ ಪತ್ರಿಕೆಗಳಲ್ಲಿಯೂ ಮೊಬೈಲ್ ಪರದೆಗಳಲ್ಲಿಯೂ ‘ಪಿಂಕ್ ಮೂನ್’ ಸುದ್ದಿ ಹರಡುತ್ತದೆ. ಗುಲಾಬಿ ಬಣ್ಣದ ಚಂದ್ರನನ್ನು ನಿರೀಕ್ಷಿಸಿ ಗುಡ್ಡ ಹತ್ತಿದ ವಿದ್ಯಾರ್ಥಿಗೆ ನಿರಾಸೆ ಖಚಿತ. ಆ ಹೆಸರು ಚಂದ್ರನ ಬಣ್ಣದಿಂದ ಬಂದುದಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಚಳಿ ಕಳೆದ ಮೇಲೆ ನೆಲಕ್ಕೆ ಹಾಸಿದಂತೆ ಅರಳುವ ಫ್ಲಾಕ್ಸ್ ಎಂಬ ಕಾಡುಹೂವಿನಿಂದ ಬಂದುದು. ಅಲ್ಲಿನ ರೈತ ಪಂಚಾಂಗಗಳು ಅದೇ ಹುಣ್ಣಿಮೆಗೆ ಹುಲ್ಲು ಚಿಗುರುವ ಚಂದ್ರ, ಮೀನಿನ ಚಂದ್ರ ಎಂಬ ಹೆಸರುಗಳನ್ನೂ ದಾಖಲಿಸಿವೆ. ತಮ್ಮ ನೆಲದಲ್ಲಿ ಏನು ಅರಳಿತು, ತಮ್ಮ ನೀರಿಗೆ ಏನು ಬಂದಿತು ಎಂಬುದನ್ನು ಕಂಡವರು ಇಟ್ಟ ಹೆಸರುಗಳವು. ಅಲ್ಲಿ ಅವು ಸತ್ಯ. ಸಹ್ಯಾದ್ರಿಯಲ್ಲಿ ಅವುಗಳಿಗೆ ಬೇರಿಲ್ಲ.

ಕನ್ನಡ ನಾಡಿನಲ್ಲಿ ಹುಣ್ಣಿಮೆಗಳಿಗೆ ಹೆಸರಿನ ಬರವಿಲ್ಲ. ಪುಷ್ಯದಲ್ಲಿ ಬನದ ಹುಣ್ಣಿಮೆ, ಮಾಘದಲ್ಲಿ ಭರತ ಹುಣ್ಣಿಮೆ, ಫಾಲ್ಗುಣದಲ್ಲಿ ಕಾಮನ ಹುಣ್ಣಿಮೆ, ಜ್ಯೇಷ್ಠದಲ್ಲಿ ಎತ್ತುಗಳನ್ನು ಸಿಂಗರಿಸುವ ಕಾರ ಹುಣ್ಣಿಮೆ. ಚೈತ್ರದ್ದು ದವನದ ಹುಣ್ಣಿಮೆ. ಮಾಗಿಯ ಚಳಿಯಲ್ಲಿ ಬೆಳೆದು, ಬಿಸಿಲೇರುವ ಹೊತ್ತಿಗೆ ಪರಿಮಳ ತುಂಬಿಕೊಳ್ಳುವ ಪುಟ್ಟ ಗಿಡ ದವನ. ಅದನ್ನು ದೇವರಿಗೆ ಅರ್ಪಿಸುವ ಕಾಲವೇ ಹುಣ್ಣಿಮೆಯ ಹೆಸರಾಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಆ ದಿನ ಇಂದಿಗೂ ಜಾತ್ರೆ ಸೇರುತ್ತದೆ.

ಇದು ನೆಲವನ್ನು ನೋಡಿ ಇಟ್ಟ ಹೆಸರು. ‘ಚೈತ್ರ’ ಎಂಬುದು ಆಕಾಶವನ್ನು ನೋಡಿ ಇಟ್ಟ ಹೆಸರು. ಈ ಮಾಸದ ಪೂರ್ಣಚಂದ್ರನು ಚಿತ್ತಾ ನಕ್ಷತ್ರದ ಸಮೀಪದಲ್ಲಿರುವುದರಿಂದ ಮಾಸಕ್ಕೆ ಆ ಹೆಸರು ಬಂದಿದೆ. ಸೂರ್ಯ ಮುಳುಗುವ ವೇಳೆಗೆ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಆತನ ಆಸುಪಾಸಿನಲ್ಲಿ ನೀಲಿಬಿಳುಪಿನ ಚಿತ್ತೆಯನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನಗಳು. ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಾಗೆಯೇ ಬಿಟ್ಟರೆ ದವನದ ಹುಣ್ಣಿಮೆ ಜಾರುತ್ತ ಜಾರುತ್ತ ದವನವೇ ಇಲ್ಲದ ಮಳೆಗಾಲಕ್ಕೆ ಹೋಗಿಬಿಡುತ್ತಿತ್ತು. ಅದನ್ನು ತಡೆಯಲೆಂದೇ ಅಧಿಕ ಮಾಸ. 2023ರಲ್ಲಿ ಶ್ರಾವಣ ಎರಡು ಬಾರಿ ಬಂದುದು ಇದೇ ಕಾರಣಕ್ಕೆ. ಆಕಾಶದ ಲೆಕ್ಕವನ್ನು ನೆಲದ ಋತುವಿಗೆ ಹೊಂದಿಸುವ ವಿವೇಕ ಇದರಲ್ಲಿದೆ.

ಎರವಲು ಹೆಸರಿನಿಂದ ನಷ್ಟವೇನು ಎಂದು ಕೆಲವರು ಕೇಳಬಹುದು. ನಷ್ಟವಾಗುವುದು ಹೆಸರಿಗಿಂತ ಹೆಚ್ಚಾಗಿ ನೋಡುವ ಅಭ್ಯಾಸ. ದವನ ಬಯಲುಸೀಮೆಯ ಬೆಳೆ. ಮಲೆನಾಡಿನ ಚೈತ್ರಕ್ಕೆ ಬೇರೆಯೇ ಗುರುತುಗಳಿವೆ: ಕೊಂಬೆಗೆ ಅಂಟಿಕೊಂಡು ಅರಳುವ ಸುರಗಿ, ಮರದಡಿಯಲ್ಲಿ ಉದುರಿದ ರಂಜದ ಹೂವು, ಹೂಮಳೆ ಬಿದ್ದ ಸುಮಾರು ಎಂಟು–ಹತ್ತು ದಿನಗಳಿಗೆ ಬೆಳ್ಳಗಾಗುವ ಕಾಫಿ ತೋಟ. ಆಶ್ವಯುಜದಲ್ಲಿ ಭತ್ತ ಹೊಡೆಯಾದಾಗ ಭೂಮಿಗೆ ಬಯಕೆಯೂಟ ಬಡಿಸಿ ‘ಭೂಮಿ ಹುಣ್ಣಿಮೆ’ ಎಂದು ಕರೆದವರು ಇದೇ ಮಲೆನಾಡಿನ ರೈತರು. ಹೂಮಳೆ ಮುಂಚಿತವಾಗಿ ಬಂದಿತೇ, ಸುರಗಿ ತಡವಾಯಿತೇ ಎಂಬುದನ್ನು ಗಮನಿಸಲು ಹುಣ್ಣಿಮೆಯಂತಹ ಗಡುವು ಬೇರೊಂದಿಲ್ಲ. ಗಮನಿಸುವವರೇ ಇಲ್ಲದಿದ್ದರೆ ಹವಾಮಾನದ ಬದಲಾವಣೆ ಊರಿನ ಅಂಗಳಕ್ಕೆ ಬಂದು ನಿಂತರೂ ಅರಿವಿಗೆ ಬಾರದು.

ಇನ್ನೊಂದು ಮಾತು. ದಿಗಂತದಲ್ಲಿ ಚಂದ್ರನ ಬೆಳಕು ದಟ್ಟವಾದ ಗಾಳಿಯನ್ನು ಹಾದು ಬರುವುದರಿಂದ ಆತ ಕೆಂಪಗೆ ಕಾಣುವುದು ಸಹಜ. ಧೂಳು, ಹೊಗೆಗಳಿದ್ದರೆ ಆ ಕೆಂಪು ಇನ್ನಷ್ಟು ಗಾಢವಾಗುತ್ತದೆ. ಬೇಸಿಗೆಯಲ್ಲಿ ಗುಡ್ಡಗಳಿಗೆ ಬೆಂಕಿ ಬಿದ್ದ ದಿನಗಳ ಕೆಂಪು ಚಂದ್ರನನ್ನು ಕಂಡು ಚೆಂದವೆಂದು ಚಿತ್ರ ತೆಗೆಯುವ ಮುನ್ನ, ಉರಿದುಹೋದುದು ಯಾವ ಊರಿನ ಸೊಪ್ಪಿನ ಬೆಟ್ಟ ಎಂದು ವಿಚಾರಿಸುವುದು ಲೇಸು.

ಆದ್ದರಿಂದ ಮಲೆನಾಡಿನ ಪ್ರತಿ ಶಾಲೆಯಲ್ಲಿಯೂ ಒಂದು ಹುಣ್ಣಿಮೆ ಪುಸ್ತಕವಿರಲಿ. ಆ ದಿನ ಯಾವ ಮರ ಚಿಗುರಿದೆ, ಯಾವುದು ಹೂಬಿಟ್ಟಿದೆ, ಮಳೆಯಾಯಿತೇ, ಹೊಗೆಯಿತ್ತೇ ಎಂಬುದನ್ನು ಮಕ್ಕಳು ಬರೆದಿಡಲಿ. ಊರಿನ ಹಿರಿಯರು ತಮ್ಮ ಕಾಲದ ನೆನಪನ್ನು ಪಕ್ಕದಲ್ಲಿ ಬರೆಸಲಿ. ಮರಗಳ ಋತುಚರ್ಯೆಯನ್ನು ದಾಖಲಿಸುವ ‘ಸೀಸನ್‌ವಾಚ್’ ಯೋಜನೆಯಲ್ಲಿ ದೇಶದ ಅನೇಕ ಶಾಲೆಗಳು ಈಗಾಗಲೇ ಇಂತಹ ಕೆಲಸ ಮಾಡುತ್ತಿವೆ. ಗ್ರಾಮ ಪಂಚಾಯಿತಿಗಳು ಹುಣ್ಣಿಮೆಯ ಸಂಜೆ ಒಂದು ಗಂಟೆಯಾದರೂ ಬೀದಿದೀಪಗಳನ್ನು ಆರಿಸಲಿ. ಹತ್ತು ವರ್ಷ ಹೀಗೆ ಬರೆದರೆ ಊರಿಗೆ ತನ್ನದೇ ಆದ ಪಂಚಾಂಗ ಸಿದ್ಧವಾಗುತ್ತದೆ. ಆಗ ಚೈತ್ರದ ಚಂದ್ರನಿಗೆ ಸುರಗಿಯದೋ ರಂಜದ್ದೋ ಹೊಸ ಹೆಸರೊಂದು ಹುಟ್ಟಿದರೆ, ಅದು ಎರವಲು ಹೆಸರಾಗಿರುವುದಿಲ್ಲ.