ಬಾಗಿಲು ಕಾಯುವವನ ವ್ಯಾಜ್ಯ

ನಾಯಿಯ ಸ್ವಾಮಿಭಕ್ತಿಯನ್ನು ಹೊಗಳದ ನಾಡಿಲ್ಲ. ಕನ್ನಡನಾಡಂತೂ ಆ ಹೊಗಳಿಕೆಯನ್ನು ಕಲ್ಲಿನಲ್ಲಿಯೇ ಕೊರೆದಿಟ್ಟಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ. ಶ. 949-50ರ ಶಾಸನವು ಕಾಳಿ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನು ಬಹುಮಾನವಾಗಿ ಹೊನ್ನನ್ನು ಬೇಡಲಿಲ್ಲ. ಈ ನಾಯಿಯನ್ನು ಬೇಡಿದನು. ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು, ತಾನೂ ಮಡಿದ ಕಾಳಿಗೆ ಅವನು ಕಲ್ಲು ನಿಲ್ಲಿಸಿದನು. ಇಷ್ಟೊಂದು ಗೌರವಕ್ಕೆ ಪಾತ್ರವಾದ ಪ್ರಾಣಿಯ ವಿಷಯದಲ್ಲಿ ಇಂದಿನ ಗೃಹಸ್ಥನಿಗೆ ಒದಗಿರುವ ಸಮಸ್ಯೆಯು ಬೇರೊಂದು ತೆರನಾದುದು.

ಚಿತ್ರದುರ್ಗದ ಕೋಟೆಯ ತಪ್ಪಲಿನಲ್ಲಿರುವ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು. ಮಗನು ಕಚೇರಿಗೆ ಹೋಗುವವನು. ಸೊಸೆ ಹೊಸದುರ್ಗದ ಕಡೆಯ ರೈತರ ಮನೆಯಿಂದ ಬಂದವಳು. ಮೊಮ್ಮಗಳು ಶಾಲೆಗೆ ಹೋಗುವ ಹುಡುಗಿ. ಇವರೊಡನೆ ಎರಡು ವರ್ಷ ಪ್ರಾಯದ ಒಂದು ಗಂಡುನಾಯಿ. ಹೆಸರು ರಾಜ. ಬೀದಿಯಲ್ಲಿ ಎಲ್ಲಿಯಾದರೂ ಹೆಣ್ಣುನಾಯಿ ಬೆದೆಗೆ ಬಂದಿತೆಂದರೆ ಸಾಕು, ರಾಜನು ಅನ್ನವನ್ನು ಮುಟ್ಟುವುದಿಲ್ಲ; ಗೋಡೆಯನ್ನು ಹಾರಿ ಹೋದರೆ ಮೂರು ದಿನ ಮನೆಯ ನೆನಪಿಲ್ಲ. ಮೊದಲ ಸಲ ಕಿವಿ ಹರಿದುಕೊಂಡು ಬಂದನು. ಎರಡನೆಯ ಸಲ ಹೆದ್ದಾರಿಯ ಅಂಚಿನಿಂದ ಕುಂಟುತ್ತ ಬಂದನು. ಗಾಯಕ್ಕೆ ಔಷಧಿ ಹಚ್ಚಿದ ಪಶುವೈದ್ಯರು, "ಇವನಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು" ಎಂದರು. ಆ ದಿನದಿಂದ ಮನೆಯಲ್ಲಿ ವ್ಯಾಜ್ಯವು ಆರಂಭವಾಯಿತು.

"ಬಾಯಿಲ್ಲದ ಪ್ರಾಣಿ. ಅದನ್ನು ಕೇಳದೆ ಅದರ ಗಂಡುತನವನ್ನು ಕೀಳುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರಪ್ಪಾ?" ಎಂದು ಹಿರಿಯರು ಮಗನನ್ನು ಕೇಳಿದರು.

ಮಗನು ಸುಮ್ಮನಾದನು. ಸೊಸೆಯೇ ಮೆಲ್ಲಗೆ ನುಡಿದಳು: "ನಮ್ಮೂರಿನಲ್ಲಿ ಪ್ರತಿವರ್ಷವೂ ಹೋರಿಗಳಿಗೆ ಬೀಜ ಒಡೆಸುತ್ತಾರೆ, ಮಾವ. ಅದನ್ನು ಅಧರ್ಮವೆಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ."

"ಎತ್ತು ನೇಗಿಲನ್ನು ಎಳೆಯಬೇಕಮ್ಮಾ. ನಮ್ಮ ರಾಜ ಯಾವ ನೇಗಿಲನ್ನು ಎಳೆಯಬೇಕಾಗಿದೆ?"

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೃತಮಹಲ್ ಕಾವಲುಗಳನ್ನು ಕಂಡ ಈ ಸೀಮೆಯ ಜನಕ್ಕೆ ಹೋರಿಯು ಎತ್ತಾಗುವ ಬಗೆ ಹೊಸತಲ್ಲ. ಆದರೆ ಅಲ್ಲಿ ಪ್ರಯೋಜನವು ಮನುಷ್ಯನದು. ನೋವು ಮಾತ್ರ ಪಶುವಿನದು. ಹಿಂದಿನ ಕಾಲದಲ್ಲಿ ಅರಿವಳಿಕೆಯೆಂಬುದೇ ಇರಲಿಲ್ಲ. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಜಜ್ಜಿ ಮುಗಿಸುತ್ತಿದ್ದರು. ನಾಯಿಗೆ ಇಂದು ಮಾಡುವುದು ಪ್ರಜ್ಞೆ ತಪ್ಪಿಸಿ ನಡೆಸುವ ಶಸ್ತ್ರಕ್ರಿಯೆ. ಎರಡು ವೃಷಣಗಳನ್ನೂ ತೆಗೆದು ಹೊಲಿಗೆ ಹಾಕುತ್ತಾರೆ. ಆದುದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆಯು ನೋವಿನದಕ್ಕಿಂತ ಹೆಚ್ಚಾಗಿ ಪ್ರಯೋಜನದ್ದು. ಇದರಿಂದ ಯಾರಿಗೆ ಒಳ್ಳೆಯದು?

ಮೊದಲು ನಾಯಿಯ ಪಾಲಿನದನ್ನು ನೋಡಬಹುದು. ವೃಷಣಗಳೇ ಇಲ್ಲದ ಮೇಲೆ ಅಲ್ಲಿ ಹುಟ್ಟುವ ಗಡ್ಡೆಯ ಭಯವಿಲ್ಲ. ವಯಸ್ಸಾದ ಗಂಡುನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿಯು ದಪ್ಪವಾಗಿ ಮಲಮೂತ್ರಗಳಿಗೆ ತೊಂದರೆಯಾಗುವುದುಂಟು, ಅದೂ ತಪ್ಪುತ್ತದೆ. ಬೀದಿನಾಯಿಗಳು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಕೂಡುವಿಕೆಯಿಂದಲೇ ನಾಯಿಯಿಂದ ನಾಯಿಗೆ ಅಂಟುವ ಒಂದು ಬಗೆಯ ಜನನಾಂಗದ ಗಡ್ಡೆಯು ಪಶು ಆಸ್ಪತ್ರೆಗಳಿಗೆ ಪರಿಚಿತವಾದ ರೋಗ. ಅಲೆದಾಟವು ನಿಂತರೆ ಅದರ ಸೋಂಕಿಗೂ ಎಡೆ ಕಡಮೆ. ಇನ್ನು ಅಲೆದಾಟದ ಅಪಾಯವನ್ನು ದುರ್ಗದವರಿಗೆ ವಿವರಿಸಬೇಕಾಗಿಲ್ಲ. ಒಂದು ಕಡೆ ಹಿರಿಯೂರು, ಚಿತ್ರದುರ್ಗಗಳ ಮಗ್ಗುಲಲ್ಲಿ ಹಗಲೂ ಇರುಳೂ ಲಾರಿಗಳು ಧಾವಿಸುವ ಬೆಂಗಳೂರು-ಪುಣೆ ಹೆದ್ದಾರಿ. ಇನ್ನೊಂದು ಕಡೆ ಜೋಗಿಮಟ್ಟಿಯ ಕಾಡಿನ ಚಿರತೆ. ನಾಯಿಯು ಚಿರತೆಗೆ ಸುಲಭವಾದ ತುತ್ತು.

ಹಾಗೆಂದು ಈ ಚಿಕಿತ್ಸೆಯು ಸರ್ವರೋಗಕ್ಕೂ ಮದ್ದಲ್ಲ. ಹೆಣ್ಣಿನ ವಾಸನೆ ಹಿಡಿದು ಓಡುವುದು, ಕಂಡ ಕಂಡ ಕಂಬಕ್ಕೆ ಮೂತ್ರ ಹೊಯ್ಯುವುದು, ಇತರ ಗಂಡುನಾಯಿಗಳೊಡನೆ ಕಾದಾಡುವುದು ಬಹುಮಟ್ಟಿಗೆ ಕಡಮೆಯಾಗುತ್ತವೆ. ಆದರೆ ಹೆದರಿ ಕಚ್ಚುವ ನಾಯಿಯ ಹೆದರಿಕೆಯು ಇದರಿಂದ ಹೋಗುವುದಿಲ್ಲ. ಕೆಲವು ನಾಯಿಗಳಲ್ಲಿ ಅದು ಹೆಚ್ಚಾಗುವುದೂ ಉಂಟು. ಮೈ ಬೇಗ ಕೊಬ್ಬುತ್ತದೆ. ಅನ್ನವನ್ನು ಕಡಮೆ ಮಾಡಿ ನಡೆದಾಟವನ್ನು ಹೆಚ್ಚಿಸದಿದ್ದರೆ ಕಾವಲುಗಾರನು ಜಗುಲಿಯ ದಿಂಬಾಗುತ್ತಾನೆ. ವಯಸ್ಸಿನ ಪ್ರಶ್ನೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಪಶುವೈದ್ಯರು 35 ತಳಿಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಮೈಕಟ್ಟಿನ ಹಲವು ತಳಿಗಳಿಗೆ ತೀರ ಎಳೆಯದರಲ್ಲಿಯೇ ಈ ಚಿಕಿತ್ಸೆಯಾದರೆ ಕೀಲುಗಳ ರೋಗವು ಹೆಚ್ಚುವುದು ಕಂಡುಬಂದಿತು. ಪುಟ್ಟ ತಳಿಗಳಲ್ಲಿ ಹಾಗೆ ಕಾಣಲಿಲ್ಲ. ಮೂಳೆ ಬಲಿಯುವವರೆಗೆ ಕಾಯುವುದು ದೊಡ್ಡ ನಾಯಿಗಳಿಗೆ ಹಿತವೆಂದಾಯಿತು. ಎರಡು ವರ್ಷದ ರಾಜನ ವಿಷಯದಲ್ಲಿ ಆ ಚಿಂತೆಯಿಲ್ಲ.

ಇನ್ನುಳಿದುದು ಬೀದಿಯ ಪಾಲು. ಗಂಡುನಾಯಿಯ ಮನೆಯವರಿಗೆ ಮರಿಗಳ ಲೆಕ್ಕ ತಿಳಿಯುವುದೇ ಇಲ್ಲ. ಹೆಣ್ಣುನಾಯಿಯು ಸುಮಾರು 63 ದಿನ ಬಸಿರು ಹೊತ್ತು ಯಾವುದೋ ಚರಂಡಿಯ ಮೋರಿಯ ಕೆಳಗೆ ಈಯುತ್ತದೆ. ಮರಿಗಳು ಹಸಿವಿನಿಂದಲೋ ಚಕ್ರದ ಕೆಳಗೋ ಒಂದೊಂದಾಗಿ ಇಲ್ಲವಾಗುತ್ತವೆ. ಒಂದು ಗಂಡಿಗೆ ಚಿಕಿತ್ಸೆಯಾದ ಮಾತ್ರಕ್ಕೆ ಊರಿನ ನಾಯಿಗಳ ಸಂಖ್ಯೆ ಇಳಿಯದು, ಆ ಕೆಲಸಕ್ಕೆ ಬೇರೆ ಗಂಡುಗಳಿವೆ ಎಂಬ ವಾದವು ನಿಜವೇ; ಸಂಖ್ಯೆಯನ್ನು ತಡೆಯುವುದರಲ್ಲಿ ಹೆಣ್ಣುನಾಯಿಯ ಚಿಕಿತ್ಸೆಯೇ ಹೆಚ್ಚು ಫಲಕಾರಿ. ಆದರೆ ಊರಿನ ಲೆಕ್ಕ ಬೇರೆ, ಮನೆಯ ಹೊಣೆ ಬೇರೆ. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಅಡಿಯಲ್ಲಿ 2023ರಲ್ಲಿ ಹೊರಬಂದ ನಿಯಮಗಳು, ಬೀದಿನಾಯಿಗಳ ಸಂತಾನನಿಯಂತ್ರಣ ಹಾಗೂ ಲಸಿಕೆಗಳನ್ನು ಸ್ಥಳೀಯ ಸಂಸ್ಥೆಗೂ, ಸಾಕಿದ ನಾಯಿಯದನ್ನು ಅದರ ಒಡೆಯನಿಗೂ ವಹಿಸಿವೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಶಸ್ತ್ರಚಿಕಿತ್ಸೆಯಾಯಿತೆಂದು ಹುಚ್ಚುನಾಯಿ ರೋಗದ ಲಸಿಕೆಯನ್ನು ಮರೆಯಬಾರದು. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದು ಒಮ್ಮೆ ತಲೆದೋರಿದರೆ ಬದುಕುವವರು ಇಲ್ಲವೆಂದೇ ಹೇಳಬೇಕು.

ಎಲ್ಲ ಮನೆಗೂ ಒಂದೇ ಉತ್ತರವಿರಲಾರದು. ಹೊಳಲ್ಕೆರೆಯಲ್ಲಿ ಎತ್ತರದ ಗೋಡೆಯ ಅಂಗಳವಿದ್ದು, ನಾಯಿಯು ಹಗ್ಗದಲ್ಲಿಯೇ ಹೊರಗೆ ಹೋಗಿಬರುವುದಾದರೆ, ಚಿಕಿತ್ಸೆಯಿಲ್ಲದೆಯೂ ಅದು ನೆಮ್ಮದಿಯಾಗಿ ಬಾಳಬಹುದು. ಹೊಸದುರ್ಗದ ತೆಂಗಿನ ತೋಟದಲ್ಲಿಯೋ, ಹಿರಿಯೂರಿನ ಹೆದ್ದಾರಿಯ ಮಗ್ಗುಲಲ್ಲಿಯೋ ಬೇಲಿಯೇ ಇಲ್ಲದೆ ತಿರುಗುವ ನಾಯಿಯ ಸಂಗತಿ ಬೇರೆ. ಒಂದೋ ಅದನ್ನು ಕಾಯುವ ಶ್ರಮ, ಇಲ್ಲವೇ ವೈದ್ಯನ ಕತ್ತಿ. ಎರಡನ್ನೂ ಬಿಟ್ಟು ಬೀದಿಗೆ ಬಿಡುವುದನ್ನು ದಯೆಯೆಂದು ಕರೆಯುವುದು ಮಾತ್ರ ಸಲ್ಲದು.

ದುರ್ಗದ ಆ ಮನೆಯಲ್ಲಿ ಹಿರಿಯರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಮೊಮ್ಮಗಳು ಶಾಲೆಯ ಹಿಂದಿನ ಮೋರಿಯಿಂದ ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಅದರ ಹಣೆಯ ಮೇಲೆ ರಾಜನ ಹಣೆಯಲ್ಲಿದ್ದಂಥದೇ ಬಿಳಿಯ ಬೊಟ್ಟು. ಉಳಿದ ಮೂರು ಮರಿಗಳು ಸತ್ತುಹೋಗಿದ್ದುವೆಂದು ಹುಡುಗಿ ಹೇಳಿದಳು. ಹಿರಿಯರು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟಲಿನಿಂದ ಹಾಲನ್ನು ನೆಕ್ಕಿಸಿದರು. ಬಹಳ ಹೊತ್ತು ಏನನ್ನೂ ನುಡಿಯಲಿಲ್ಲ.

ಕೊನೆಗೆ ಮಗನನ್ನು ಕರೆದು, "ಏನೇನು ಮಾಡಬೇಕಂತೆ?" ಎಂದರು.

ಮಗನು ವೈದ್ಯರ ಮಾತುಗಳನ್ನು ಒಪ್ಪಿಸಿದನು. ಮೊದಲು ರಕ್ತವನ್ನೂ ಎದೆಯನ್ನೂ ಪರೀಕ್ಷಿಸುತ್ತಾರೆ. ಹಿಂದಿನ ರಾತ್ರಿಯ ಮೇಲೆ ಅನ್ನ ಹಾಕಕೂಡದು. ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಪಟ್ಟಿ ಕಟ್ಟಬೇಕು. ಹತ್ತು ಹದಿನಾಲ್ಕು ದಿನ ಸ್ನಾನವಿಲ್ಲ, ಓಟವಿಲ್ಲ. ಆಮೇಲೂ ಕೆಲವು ವಾರ ಹೆಣ್ಣುನಾಯಿಗಳಿಂದ ದೂರವಿಡಬೇಕು. ಮೊದಲೇ ಉಳಿದ ವೀರ್ಯದಿಂದ ಮರಿಯಾಗುವ ಸಂಭವವುಂಟು.

"ಹತ್ತು ದಿನ ಅವನನ್ನು ಯಾರು ಕಾಯುತ್ತೀರಿ? ನೀನು ಕಚೇರಿಗೆ ಹೋಗುವವನು," ಎಂದು ಹಿರಿಯರು ಕೇಳಿದರು. ಮಗನು ಉತ್ತರಕ್ಕೆ ತಡವರಿಸಿದನು.

"ಜಗುಲಿಯ ಮೇಲೆ ನನ್ನ ಹಾಸಿಗೆಯನ್ನು ಹಾಕಿಸು. ಇಷ್ಟು ದಿನ ಅವನು ನಮ್ಮ ಬಾಗಿಲನ್ನು ಕಾದಿದ್ದಾನೆ."