ಮೂರನೇ ಓನರ್‌ನ ತಕರಾರು

“ಹೊಸ ಸಣ್ಣ ಕಾರಿನ ದುಡ್ಡಿಗೆ ಬೆಂಜೇ ಬರುತ್ತೆ ಸಾರ್, ಇನ್ನೂ ಯಾಕೆ ಯೋಚ್ನೆ ಮಾಡ್ತೀರಾ?”

ಬೆಂಗಳೂರಿನಲ್ಲಿ ಹಳೇ ಕಾರು ಕೊಳ್ಳಲು ಹೊರಟವರೆಲ್ಲ ಈ ಮಾತನ್ನು ಒಂದಲ್ಲ ಒಂದು ಸಲ ಕೇಳಿರುತ್ತಾರೆ. ಹೋದ ವಾರ ನನ್ನ ಭಾವಮೈದುನ ಫೋನ್ ಮಾಡಿ ಇದನ್ನೇ ಹೇಳಿದ. ಅವನ ಕೈಯಲ್ಲಿ ಒಂಬತ್ತು ಲಕ್ಷ ಇದೆ. ಮೂರು ಕಾರು ನೋಡಿಟ್ಟಿದ್ದಾನೆ, ಮೂರೂ ಜರ್ಮನಿಯ ಹೆಸರಿನವು, ಮೂರೂ ಹತ್ತು ವರ್ಷದ ಆಸುಪಾಸಿನವು. “ಭಾವ, ನೀವು ಇಟ್ಕೊಂಡಿದ್ದೋರು, ಯಾವುದು ತಗೊಳ್ಳಲಿ ಹೇಳಿ” ಅಂದ. ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ. “ಯಾವುದೂ ಬೇಡ” ಎಂದಿದ್ದರೆ, ತಾನು ಸುಟ್ಟುಕೊಂಡಿದ್ದಕ್ಕೆ ಬೇರೆಯವರ ಆಸೆಗೂ ಕಲ್ಲು ಹಾಕುತ್ತಾನೆ ಅಂದುಕೊಳ್ಳುತ್ತಿದ್ದ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ. ನನ್ನ ಅಪ್ಪ ಚಿಕ್ಕಮಗಳೂರು ಕಡೆಯ ಕಾಫಿ ಎಸ್ಟೇಟ್ ಮಾಲೀಕರೊಬ್ಬರ ಮನೆಯಲ್ಲಿ ಇಪ್ಪತ್ತಾರು ವರ್ಷ ಡ್ರೈವರ್ ಆಗಿದ್ದರು. ಅಂಬಾಸಿಡರ್, ಕಾಂಟೆಸ್ಸಾ, ಆಮೇಲೆ ದೊಡ್ಡ ವಿದೇಶಿ ಕಾರುಗಳು. ಅಷ್ಟು ವರ್ಷದಲ್ಲಿ ಆ ಕಾರುಗಳ ಹಿಂದಿನ ಸೀಟನ್ನು ಒರೆಸಿದ್ದರೇ ಹೊರತು ಅದರಲ್ಲಿ ಕೂತವರಲ್ಲ. 2019ರಲ್ಲಿ ನನ್ನ ಹತ್ತಿರ ಒಂದಿಷ್ಟು ದುಡ್ಡು ಸೇರಿತು. ಅಪ್ಪನನ್ನು ಅಂಥದ್ದೇ ಒಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಊರಿಗೆ ಕರೆದೊಯ್ಯಬೇಕು ಎಂಬ ಆಸೆ. ಏಳೂವರೆ ಲಕ್ಷ ಕೊಟ್ಟು ಎಂಟು ವರ್ಷದ ಡೀಸೆಲ್ ಸೆಡಾನ್ ತಂದೆ. ಹೊಸದಿದ್ದಾಗ ರಸ್ತೆಗೆ ಇಳಿಯುವ ಹೊತ್ತಿಗೆ ಅದರ ಬೆಲೆ ನಲವತ್ತು ಲಕ್ಷದ ಹತ್ತಿರ. ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪು ಕಂಪನಿಯದಲ್ಲ. ಅದು ಒಳ್ಳೆಯ ಕಾರೇ, ನಾನು ಅದರ ಮೂರನೇ ಓನರ್ ಆಗಿದ್ದೆ ಅಷ್ಟೆ.

ಮನೆ ಮುಂದೆ ನಿಲ್ಲಿಸಿದಾಗ ಅಪ್ಪ ಒಂದು ಸುತ್ತು ಹಾಕಿದರು. ಬಾನೆಟ್ ಮುಟ್ಟಿದರು. ಟಯರ್ ನೋಡಿದರು. “ಚೆನ್ನಾಗಿದೆ ಕಣೋ” ಅಂದರು. ಆಮೇಲೆ, “ನಮ್ಮ ಸಾಹುಕಾರ್ರು ಯಾವ ಗಾಡೀನೂ ಐದು ವರ್ಷದ ಮೇಲೆ ಇಟ್ಕೋತಿರಲಿಲ್ಲ” ಅಂತ ಸೇರಿಸಿದರು. ಹಳೆಯದನ್ನೇನೋ ನೆನಪಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಅವರು ನನಗೆ ಲೆಕ್ಕ ಹೇಳುತ್ತಿದ್ದರು.

ಆ ಲೆಕ್ಕ ಹೀಗೆ. ಮೊದಲ ಹದಿನಾಲ್ಕು ತಿಂಗಳಲ್ಲಿ ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟಿಗೆ 1,60,000 ರೂಪಾಯಿ. ಸಸ್ಪೆನ್ಷನ್ನಿಗೆ 85,000. ನಾಲ್ಕು ಟಯರಿಗೆ 62,000. ಎ.ಸಿ. ಕಂಪ್ರೆಸರಿಗೆ 48,000. ಒಟ್ಟು 3,55,000. ಎರಡೂವರೆ ವರ್ಷದ ಮೇಲೆ ಮಾರಿದಾಗ ಬಂದದ್ದು 2,75,000. ಅಂದರೆ 8,30,000 ರೂಪಾಯಿ ಹೋಯಿತು. ಓಡಿಸಿದ್ದು ಬರೀ 19,000 ಕಿಲೋಮೀಟರ್. ಡೀಸೆಲ್ಲೂ ಇನ್ಶೂರೆನ್ಸೂ ಬಿಟ್ಟು ಕಿಲೋಮೀಟರಿಗೆ ಸುಮಾರು 44 ರೂಪಾಯಿ. ಅದರ ಅರ್ಧಕ್ಕಿಂತ ಕಡಿಮೆಗೆ, ಡ್ರೈವರ್ ಸಮೇತ, ಒಳ್ಳೆ ಟ್ಯಾಕ್ಸಿಯೇ ಬಾಗಿಲಿಗೆ ಬರುತ್ತಿತ್ತು. ಮಗಳ ಕಾಲೇಜಿಗೆಂದು ಹಾಕಿದ್ದ ಡೆಪಾಸಿಟ್ಟನ್ನು ಅವಧಿಗೆ ಮೊದಲೇ ಮುರಿಸಿದ್ದು ಆ ಗೇರ್‌ಬಾಕ್ಸಿಗೆ. ಬ್ಯಾಂಕಿನಲ್ಲಿ ಸಹಿ ಹಾಕುವಾಗ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. “ಸಣ್ಣ ಕಾರಿನ ದುಡ್ಡಿಗೆ ಬೆಂಜ್” ಎಂಬ ಮಾತಿನಲ್ಲಿ ‘ದುಡ್ಡು’ ಎಂಬ ಪದವೇ ಸುಳ್ಳು. ಬೆಲೆ ಇಳಿದಿರುವುದು ಕಾರಿಗೆ, ಅದರ ಬಿಡಿಭಾಗಗಳಿಗಲ್ಲ. ನಲವತ್ತು ಲಕ್ಷದ ಕಾರು ಹತ್ತು ವರ್ಷದಲ್ಲಿ ಆರು ಲಕ್ಷಕ್ಕೆ ಬರಬಹುದು. ಅದರ ಹೆಡ್‌ಲೈಟು, ಸೆನ್ಸರು, ಏರ್ ಸಸ್ಪೆನ್ಷನ್ನಿನ ಬೆಲ್ಲೋಸು ಮಾತ್ರ ನಲವತ್ತು ಲಕ್ಷದ ಕಾರಿನವೇ ಆಗಿ ಉಳಿಯುತ್ತವೆ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನು ಹಿಂಬದಿಯಲ್ಲಿರುತ್ತದೆ. ಅದಕ್ಕೆ ಕೈ ಹಾಕಬೇಕಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಆರು ಲಕ್ಷಕ್ಕೆ ಸಿಕ್ಕಿತು ಎಂಬ ಕಾರಣಕ್ಕೆ ಆ ಕೆಲಸದ ಕೂಲಿಯಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ಈ ವ್ಯಾಪಾರದ ಒಳಗುಟ್ಟು ಓನರ್‌ಗಳ ಸರದಿಯಲ್ಲಿದೆ. ಮೊದಲನೆಯವನು ಹೊಸ ಕಾರಿನ ಸುಖ, ವಾರಂಟಿ, ಎಷ್ಟೋ ಸಲ ಕಂಪನಿ ಹೆಸರಿನ ತೆರಿಗೆ ಅನುಕೂಲ, ಎಲ್ಲ ಪಡೆದು ವಾರಂಟಿ ಮುಗಿಯುವ ಹೊತ್ತಿಗೆ ಇಳಿದುಹೋಗುತ್ತಾನೆ. ಎರಡನೆಯವನು ಇನ್ನೇನು ಮಾರುತ್ತೇನಲ್ಲ ಎಂದು ದೊಡ್ಡ ಕೆಲಸಗಳನ್ನೆಲ್ಲ ಮುಂದೂಡುತ್ತಾನೆ. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸುವುದಿಲ್ಲ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಸ್ಕ್ಯಾನರ್ ಹಾಕಿ ಅಳಿಸಿಬಿಡುತ್ತಾನೆ. ಇಬ್ಬರೂ ಮುಂದೂಡಿದ ಬಿಲ್ಲುಗಳು ಸೇರಿ ಮೂರನೆಯವನ ಮನೆಗೆ ಬರುತ್ತವೆ. ಮೂವರಲ್ಲಿ ದುಡ್ಡಿಲ್ಲದವನು ಅವನೇ. ಸಾಹುಕಾರರು ಐದನೇ ವರ್ಷಕ್ಕೆ ಕಾರು ಬದಲಿಸುತ್ತಿದ್ದದ್ದು ಬರೀ ಶೋಕಿಗೆ ಅಂದುಕೊಂಡಿದ್ದೆ. ಶೋಕಿ ಮಾಡಿದವನು ನಾನು.

ಇನ್ನು ಮಾರುವವರ ವಿಷಯ. “ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಹ್ಯಾಂಡ್” ಎಂಬ ಮಾತು ನನಗೆ ನಾಲ್ಕು ಯಾರ್ಡ್‌ಗಳಲ್ಲಿ ಕೇಳಿಸಿತು. ಕರ್ನಾಟಕದ ಡಾಕ್ಟರುಗಳೆಲ್ಲ ಸೇರಿದರೂ ಅಷ್ಟು ಕಾರು ಓಡಿಸಲಾರರು. ನಾನು ಕೊಂಡ ಕಾರಿನ ಮೀಟರ್ 62,000 ಕಿಲೋಮೀಟರ್ ತೋರಿಸುತ್ತಿತ್ತು. ಕೊಂಡು ನಾಲ್ಕು ತಿಂಗಳಾದ ಮೇಲೆ ಸರ್ವಿಸ್ ಸೆಂಟರಿನಲ್ಲಿ ಚಾಸಿಸ್ ನಂಬರ್ ಹಾಕಿ ನೋಡಿದರೆ, ಎರಡು ವರ್ಷದ ಹಿಂದೆಯೇ ಅದು 1,18,000 ದಾಟಿತ್ತು. ಯಾರ್ಡಿನವರಿಗೆ ಫೋನ್ ಮಾಡಿದೆ. “ನಮಗೆ ಬಂದಿದ್ದೇ ಹಂಗೆ ಸಾರ್” ಅಂದರು. ಅವರಿಗೆ ಕೊಟ್ಟವರನ್ನು ಕೇಳಿದ್ದರೆ ಅವರೂ ಹಾಗೇ ಅನ್ನುತ್ತಿದ್ದರು.

ದೆಹಲಿಯ ಗಾಡಿಗಳದ್ದು ಇನ್ನೊಂದು ಅಧ್ಯಾಯ. ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಿಷಯ ಆಮೇಲೂ ಕೋರ್ಟಿನ ಮುಂದೆ ಬಂದಿದೆ, ಅದು ಬೇರೆ ಮಾತು. ವಯಸ್ಸು ಹತ್ತಿರ ಬಂದ ಕಾರುಗಳು ಅಲ್ಲಿ ಅಗ್ಗವಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಬೆಲೆ ನೋಡಿ ಮರುಳಾಗುವ ನಾವು ಎರಡು ಸಂಗತಿ ಮರೆಯುತ್ತೇವೆ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು. ಹಾಗೆ ಮಾಡಿಸುವಾಗ ಕಟ್ಟುವ ಆಜೀವ ತೆರಿಗೆಯನ್ನು ಗಾಡಿಯ ವಯಸ್ಸು ಮತ್ತು ಅದರ ಮೊದಲಿನ ಬೆಲೆ ಹಿಡಿದು ಲೆಕ್ಕ ಹಾಕುತ್ತಾರೆ, ನೀವು ಕೊಟ್ಟ ಬೆಲೆ ಹಿಡಿದಲ್ಲ. ಇಲ್ಲೂ ಆ ನಲವತ್ತು ಲಕ್ಷ ಬೆನ್ನು ಬಿಡುವುದಿಲ್ಲ.

ನೀರಲ್ಲಿ ಮುಳುಗಿದ ಕಾರುಗಳೂ ಇವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಕೋಟಿ ಬೆಲೆಯ ಮನೆಗಳ ಮುಂದೆ ದುಬಾರಿ ಕಾರುಗಳು ನೀರಿನಲ್ಲಿ ನಿಂತದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿ ಸ್ವಲ್ಪ ಖುಷಿಯನ್ನೂ ಪಟ್ಟೆವು. ಇನ್ಶೂರೆನ್ಸಿನವರು ‘ಪೂರ್ತಿ ನಷ್ಟ’ ಎಂದು ಬರೆದ ಗಾಡಿಗಳು ಹರಾಜಿಗೆ ಹೋಗುತ್ತವೆ. ಹರಾಜಿನಲ್ಲಿ ಕೊಂಡವರಲ್ಲಿ ಎಲ್ಲರೂ ಅದನ್ನು ಗುಜರಿಗೆ ಹಾಕುವುದಿಲ್ಲ. ಆಗ ನಕ್ಕವರಲ್ಲೇ ಯಾರಾದರೂ ಅಂಥ ಒಂದನ್ನು ತೊಳೆಸಿ, ಸೆಂಟು ಹೊಡೆಸಿದ ಮೇಲೆ ಕೊಂಡಿರಲೂಬಹುದು.

ಇಷ್ಟು ಹೇಳಿದರೆ ಎರಡು ಕಡೆಯಿಂದ ಉತ್ತರ ಬರುತ್ತದೆ. ಒಂದು ಕಾರುಪ್ರೇಮಿಗಳದು: “ಶೋರೂಮಿಗೆ ಯಾಕೆ ಹೋಗ್ತೀರಿ? ಹೊರಗಿನ ಗ್ಯಾರೇಜಿನಲ್ಲಿ ಅರ್ಧಕ್ಕೆ ಆಗುತ್ತೆ.” ನಿಜ, ಆಗುತ್ತದೆ. ನನ್ನ ಬಿಲ್ಲುಗಳು ಹೊರಗಿನ ಗ್ಯಾರೇಜಿನವೇ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಒಳ್ಳೆಯವರು. “ಸಾರ್, ಈ ಗಾಡಿ ಇಟ್ಕೊಳ್ಳೋಕೆ ಇನ್ನೊಂದು ಗಾಡಿ ಬೇಕು” ಅಂದರು. ವರ್ಕ್‌ಶಾಪಿನಲ್ಲಿ ಹನ್ನೆರಡು ದಿನ ಪಾರ್ಟ್ ಬರಲೆಂದು ಕಾರು ನಿಂತಾಗ ಆ ಮಾತು ಅರ್ಥವಾಯಿತು. ಮನೆಯಲ್ಲಿ ಎರಡನೇ ಕಾರಿರುವವರು, ಸ್ಕ್ಯಾನರ್ ಹಿಡಿದು ಭಾನುವಾರ ಕಾರಿನಡಿ ಮಲಗುವುದೇ ಸುಖ ಎನ್ನುವವರು ಖಂಡಿತ ಕೊಳ್ಳಲಿ. ಅವರದು ಹವ್ಯಾಸ. ಇರುವ ಒಂದೇ ಕಾರಿನಲ್ಲಿ ಆಸ್ಪತ್ರೆಗೂ ಮದುವೆಗೂ ಹೋಗಬೇಕಾದವನಿಗೆ ಅವರ ಮಾತು ಉಪದೇಶವಾಗಬಾರದು.

ಇನ್ನೊಂದು ಉತ್ತರ ಹಿರಿಯರದು: “ಹಾಸಿಗೆ ಇದ್ದಷ್ಟು ಕಾಲು ಚಾಚು.” ಈ ಗಾದೆಯ ಮೇಲೆ ನನಗೆ ಹೆಚ್ಚು ಸಿಟ್ಟಿದೆ. ಸಾಲ ಮಾಡಿ ಹೊಸ ಕಾರು ಕೊಂಡು ಏಳು ವರ್ಷ ಕಂತು ಕಟ್ಟುವವನಿಗೆ ಇದನ್ನು ಯಾರೂ ಹೇಳುವುದಿಲ್ಲ. ಡ್ರೈವರನ ಮಗ ಹಿಂದಿನ ಸೀಟಿಗೆ ಆಸೆಪಟ್ಟಾಗ ಮಾತ್ರ ಇದು ನೆನಪಾಗುತ್ತದೆ. ಮದುವೆ ಛತ್ರದ ಗೇಟಿನಲ್ಲಿ ಸೆಕ್ಯುರಿಟಿಯವನು ಯಾವ ಕಾರಿಗೆ ಸಲ್ಯೂಟ್ ಹೊಡೆಯುತ್ತಾನೆ, ಯಾವುದಕ್ಕೆ “ಹಿಂದೆ ಹಾಕಿ” ಅನ್ನುತ್ತಾನೆ ಎಂಬುದನ್ನು ನೋಡಿ ಬೆಳೆದವರು ನಾವು. ಆ ಆಸೆ ನಮಗೆ ಹುಚ್ಚು ಹಿಡಿದು ಹುಟ್ಟಿದ್ದಲ್ಲ. ಒಳ್ಳೆಯ ಕಾರಿನ ಭದ್ರತೆ, ಆರು ಏರ್‌ಬ್ಯಾಗು, ಬೆನ್ನು ನೋಯದ ಸೀಟು ಇವೆಲ್ಲ ಕಡಿಮೆ ಸಂಬಳದವನ ಬೆನ್ನಿಗೂ ಬೇಕು. ಆಸೆಪಟ್ಟದ್ದಕ್ಕೆ ಅವನನ್ನು ಗೇಲಿ ಮಾಡುವುದು ಸುಲಭ. ಆ ಆಸೆಯನ್ನು ಹಿಡಿದು ಅವನಿಗೆ ಮೋಸ ಮಾಡುವ ವ್ಯವಸ್ಥೆಯನ್ನು ಪ್ರಶ್ನಿಸುವವರು ಕಡಿಮೆ.

ಹಾಗಾಗಿ ಭಾವಮೈದುನನಿಗೆ ನಾನು “ಬೇಡ” ಅನ್ನುವುದಿಲ್ಲ. ಹೀಗೆ ಹೇಳುತ್ತೇನೆ.

ನಿನ್ನ ಒಂಬತ್ತು ಲಕ್ಷದಲ್ಲಿ ಆರು ಲಕ್ಷವೇ ಕಾರಿನದು. ಮೂರು ಲಕ್ಷ ಬ್ಯಾಂಕಿನಲ್ಲಿರಲಿ, ಅದೂ ಕಾರಿನದೇ, ಇನ್ನೂ ಬಿಲ್ ಬಂದಿಲ್ಲ ಅಷ್ಟೆ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರೂ ಓಡಿಸದವನಿಗೆ ಡೀಸೆಲ್ ಬೇಡ. ಸಿಟಿಯೊಳಗಿನ ಸಣ್ಣ ಸಣ್ಣ ಓಡಾಟದಲ್ಲಿ ಅದರ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬ್ಯಾಡ್ಜ್ ಹುಡುಕಬೇಡ, ಬಿಲ್ಲು ಹುಡುಕು. ಸರ್ವಿಸ್ ದಾಖಲೆ ಪೂರ್ತಿ ಇರುವ ಕ್ಯಾಮ್ರಿಯೋ ಅಕಾರ್ಡೋ ಪೆಟ್ರೋಲ್ ಸೂಪರ್ಬೋ ಸಿಕ್ಕರೆ ನೋಡು. ಕ್ಯಾಮ್ರಿ ಹೈಬ್ರಿಡ್ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಕಾರು, ಆದರೆ ಅದರ ಬ್ಯಾಟರಿಯ ವಯಸ್ಸು, ಸ್ಥಿತಿ ಪರೀಕ್ಷೆ ಮಾಡಿಸದೆ ಕೈ ಹಾಕಬೇಡ. ಜರ್ಮನ್ ಕಾರೇ ಬೇಕೆಂದರೆ, ಏರ್ ಸಸ್ಪೆನ್ಷನ್, ಸನ್‌ರೂಫ್ ಯಾವುದೂ ಇಲ್ಲದ, ಕೆಳಗಿನ ಮಾಡೆಲ್ಲಿನ, ಮೊದಲ ಓನರ್‌ನ ಕೈಯಲ್ಲೇ ಇರುವ ಪೆಟ್ರೋಲ್ ಗಾಡಿ ಹುಡುಕು.

ನೋಡಲು ಬೆಳಿಗ್ಗೆ ಹೋಗು, ಎಂಜಿನ್ ತಣ್ಣಗಿರಬೇಕು. ಅವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿ ನೋಡಿ ವಾಪಸ್ ಬಾ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ, ಕೆಸರಿನ ಗೆರೆ ಇದೆಯಾ ನೋಡು. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿಯಲ್ಲಿ ತುಕ್ಕು, ಮಣ್ಣು ನೋಡು. ಟಯರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದು: 2319 ಎಂದರೆ 2019ರ ಇಪ್ಪತ್ಮೂರನೇ ವಾರದ್ದು. ಮೀಟರನ್ನು ನಂಬಬೇಡ. ಚಾಸಿಸ್ ನಂಬರ್ ಹಿಡಿದು ಸರ್ವಿಸ್ ಸೆಂಟರಿನ ದಾಖಲೆ ತೆಗೆಸು. ಎಷ್ಟನೇ ಓನರ್, ಸಾಲ ತೀರಿದೆಯಾ ಎಂಬುದನ್ನು ಆರ್‌ಸಿಯಲ್ಲಿ ನೋಡು. ಆಮೇಲೆ ಆ ಮಾಡೆಲ್ಲಿನಲ್ಲೇ ಕೆಲಸ ಮಾಡಿದ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸು. ಮಾರುವವನು ಅದಕ್ಕೆ ಒಪ್ಪದಿದ್ದರೆ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇದಿಷ್ಟನ್ನೂ ಕೊಳ್ಳುವವನೇ ಯಾಕೆ ಮಾಡಬೇಕು? ನನ್ನ ಕೊನೆಯ ತಕರಾರು ಸರ್ಕಾರದ ಜೊತೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ತಪಾಸಣೆ ಇದೆ. ಆಗ ಮೀಟರಿನ ಅಂಕಿ ದಾಖಲಾಗುತ್ತದೆ, ಯಾರು ಬೇಕಾದರೂ ಅದನ್ನು ಪುಕ್ಕಟೆ ನೋಡಬಹುದು. ನಮ್ಮಲ್ಲೂ ಹೊಗೆ ತಪಾಸಣೆಗೆ ಕಾರು ಪ್ರತಿವರ್ಷ ಬರಲೇಬೇಕು. ಆ ದಿನದ ಕಿಲೋಮೀಟರನ್ನು ಬರೆದು ಆರ್‌ಸಿ ವಿವರದ ಜೊತೆ ಎಲ್ಲರಿಗೂ ಕಾಣಿಸುವಂತೆ ಇಟ್ಟರೆ ಮೀಟರ್ ತಿರುಗಿಸುವ ದಂಧೆ ಬಹುಪಾಲು ಅಲ್ಲೇ ನಿಲ್ಲುತ್ತದೆ. ಇದಕ್ಕೆ ಹೊಸ ಇಲಾಖೆ ಬೇಡ, ಫಾರಂನಲ್ಲಿ ಇನ್ನೊಂದು ಕಾಲಂ ಸಾಕು. ಕಾರು ಕೈ ಬದಲಾಯಿಸಿದಾಗಲೆಲ್ಲ ಶುಲ್ಕ ಪಡೆಯುವ ಸರ್ಕಾರ ಅಷ್ಟು ಮಾಡಲೇಬೇಕು.

ಈಗ ನನ್ನ ಹತ್ತಿರ ಒಂದು ಪೆಟ್ರೋಲ್ ಸೆಡಾನ್ ಇದೆ. ಐದು ವರ್ಷ ಹಳೆಯದು, ಜಪಾನಿನ ಹೆಸರಿನದು. ಛತ್ರದ ಗೇಟಿನಲ್ಲಿ ಸಲ್ಯೂಟ್ ಬೀಳುವುದಿಲ್ಲ, “ಹಿಂದೆ ಹಾಕಿ” ಅಂತಲೂ ಯಾರೂ ಅನ್ನುವುದಿಲ್ಲ. ಹಿಂದಿನ ಕಾರಿನಲ್ಲಿ ಅಪ್ಪನನ್ನು ಊರಿಗೆ ಕರೆದೊಯ್ದದ್ದು ಒಂದೇ ಸಲ. ವಾಪಸ್ ಬರುವಾಗ ಹಾಸನದಾಚೆ ಗೇರ್ ಸಿಕ್ಕಿಕೊಂಡು, ಟೋಯಿಂಗ್ ಗಾಡಿಗೆ ಕಾಯುತ್ತಾ ಮೂರು ಗಂಟೆ ರಸ್ತೆ ಬದಿ ಕೂತಿದ್ದೆವು. ಆಗ ಅಪ್ಪ ಬಯ್ಯಲಿಲ್ಲ. “ಸಾಹುಕಾರ್ರ ಗಾಡೀಲೂ ಹಿಂಗೆ ಆಗ್ತಿತ್ತು, ಅವರು ಇನ್ನೊಂದು ಗಾಡಿ ತರಿಸ್ಕೊಂಡು ಹೋಗೋರು, ನಾನು ಕಾಯ್ತಿದ್ದೆ” ಅಂದರು.

ಈ ಕಾರಿನಲ್ಲಿ ಅವರು ಹಿಂದೆ ಕೂರಲು ಒಪ್ಪುವುದಿಲ್ಲ. ಮುಂದೆ ನನ್ನ ಪಕ್ಕ ಕೂತು, ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೇ ಇಟ್ಟಿರುತ್ತಾರೆ. ಆ ಮುಳ್ಳು ಇದುವರೆಗೆ ಮಧ್ಯ ಬಿಟ್ಟು ಕದಲಿಲ್ಲ.