ಕಡಲ ಕಾವಲಿಗೆ ಕೊಡದ ಕಾಸು

ಹಸಿದವರಿರುವ ನಾಡಿನಲ್ಲಿ ಸಮುದ್ರದ ಶಾಖವನ್ನೂ ಒತ್ತಡವನ್ನೂ ಅಳೆಯಲು ಕೋಟಿಗಟ್ಟಲೆ ಹಣ ಸುರಿಯುವುದೇಕೆಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ದಯೆಯೇನೋ ಇದೆ, ವಿವೇಚನೆ ಇಲ್ಲ.

2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಕಡಲತಳ ಕಂಪಿಸಿದಾಗ ಭಾರತದಲ್ಲಿ ಬೆಳಗಿನ ಆರೂವರೆ ಸಮೀಪಿಸಿತ್ತು. ಅಲೆಗಳು ತಮಿಳುನಾಡಿನ ಕರಾವಳಿಯನ್ನು ಮುಟ್ಟಲು ಎರಡು ಗಂಟೆಗಳಷ್ಟು ಕಾಲ ಹಿಡಿಯಿತು. ಊರುಗೋಲು ಹಿಡಿದ ಮುದುಕಿಯೂ ದಡದಿಂದ ದೂರ ಸರಿಯಬಹುದಾಗಿದ್ದ ಅವಧಿಯದು. ಶಾಂತಸಾಗರದ ದೇಶಗಳಿಗಾಗಿ ಹವಾಯಿಯಲ್ಲಿ 1949ರಿಂದಲೇ ಎಚ್ಚರಿಕೆಯ ಕೇಂದ್ರವಿತ್ತು. ಭೂಕಂಪ ಅಲ್ಲಿ ದಾಖಲಾಯಿತು. ಹಿಂದೂ ಮಹಾಸಾಗರದಲ್ಲಾದರೋ ಅಲೆಯನ್ನು ಗುರುತಿಸುವ ಆಳಸಮುದ್ರದ ಒತ್ತಡಮಾಪಕಗಳೂ ಇರಲಿಲ್ಲ, ಸುದ್ದಿಯನ್ನು ದಡಕ್ಕೆ ಮುಟ್ಟಿಸುವ ವ್ಯವಸ್ಥೆಯೂ ಇರಲಿಲ್ಲ. ಸುಮಾರು 2,30,000 ಜನ ಪ್ರಾಣ ಕಳೆದುಕೊಂಡರು. ಕೊಂದದ್ದು ಸಮುದ್ರವೆಂದು ಕೈತೊಳೆದುಕೊಳ್ಳುವುದು ಸುಲಭ. ನೆಲವನ್ನು ನೋಡದೆ ಹೆಜ್ಜೆಯಿಡುವವನ ಪ್ರಮಾದವನ್ನು ಹಿಂಸೆಯ ಮೂಲವೆಂದು ಎಣಿಸುವವರು, ಕಡಲನ್ನು ನೋಡದೆ ಕುಳಿತ ಸರ್ಕಾರಗಳ ಪ್ರಮಾದಕ್ಕೆ ಬೇರೆ ಹೆಸರಿಡುವುದೆಂತು?

2007ರಲ್ಲಿ ಹೈದರಾಬಾದಿನಲ್ಲಿ ಭಾರತದ ಸುನಾಮಿ ಎಚ್ಚರಿಕೆ ಕೇಂದ್ರ ಆರಂಭವಾಯಿತು. ಒಳ್ಳೆಯದೇ. ಆದರೆ ಉದ್ಘಾಟನೆಯೊಂದಿಗೆ ಕೆಲಸ ಮುಗಿಯಲಿಲ್ಲ. ಉಪ್ಪುನೀರಿನಲ್ಲಿ ಲಂಗರು ಹಾಕಿದ ತೇಲುಯಂತ್ರಕ್ಕೆ ತುಕ್ಕು ಹಿಡಿಯುತ್ತದೆ, ಚಿಪ್ಪುಜೀವಿಗಳು ಮೆತ್ತಿಕೊಳ್ಳುತ್ತವೆ, ಮೀನುದೋಣಿಗಳು ಅದಕ್ಕೇ ಹಗ್ಗ ಕಟ್ಟಿ ಕೆಡಿಸುತ್ತವೆ. ಹಡಗು ಮತ್ತೆ ಮತ್ತೆ ಅಲ್ಲಿಗೆ ಹೋಗಲೇಬೇಕು. ಹೊಸ ಶಿಖರಕ್ಕೆ ದಾನಿಗಳು ಸಾಲುಗಟ್ಟುವುದೂ, ನಂದಾದೀಪದ ಎಣ್ಣೆಗೆ ಯಾರೂ ಮುಂದೆ ಬಾರದಿರುವುದೂ ಧರ್ಮದರ್ಶಿಗಳಿಗೆ ತಿಳಿಯದ ಸಂಗತಿಯಲ್ಲ.

ಸಿರಿವಂತ ರಾಷ್ಟ್ರಗಳೂ ಇದಕ್ಕೆ ಹೊರತಲ್ಲ. ಎಲ್ ನಿನೋವನ್ನು ಗುರುತಿಸಲು ಶಾಂತಸಾಗರದ ಸಮಭಾಜಕದುದ್ದಕ್ಕೂ ನೆಟ್ಟ ತೇಲುಯಂತ್ರಗಳ ಸಾಲನ್ನು ನೋಡಿಕೊಳ್ಳುತ್ತಿದ್ದ ಹಡಗನ್ನು ಅಮೆರಿಕ 2012ರಲ್ಲಿ ಸೇವೆಯಿಂದ ತೆಗೆಯಿತು. 2014ರ ಆರಂಭದ ಹೊತ್ತಿಗೆ ಆ ಸಾಲಿನಿಂದ ಬರಬೇಕಾದ ಮಾಹಿತಿಯಲ್ಲಿ ಬರುತ್ತಿದ್ದುದು ಶೇಕಡ 40ರಷ್ಟು ಮಾತ್ರ. ಕೂಗೆದ್ದ ಮೇಲೆ ದುರಸ್ತಿಯಾಯಿತು. ಎಲ್ ನಿನೋ ತಲೆಯೆತ್ತಿದ ಹಲವು ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗಿದೆ. ಆ ಕುರುಡಿನ ಬೆಲೆ ತೆರುವವನು ಮಳೆಯನ್ನೇ ನಂಬಿದ ಒಕ್ಕಲಿಗ.

ಇಂದು ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ಆರ್ಗೋ ಯಂತ್ರಗಳು ಅಲೆಯುತ್ತಿವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ನೀರಿನ ಶಾಖ, ಲವಣಾಂಶಗಳನ್ನು ಉಪಗ್ರಹಕ್ಕೆ ತಿಳಿಸುತ್ತವೆ. ಅವುಗಳ ಆಯುಷ್ಯ ನಾಲ್ಕೈದು ವರ್ಷ. ಪ್ರತಿವರ್ಷವೂ ನೂರಾರು ಹೊಸ ಯಂತ್ರಗಳನ್ನು ನೀರಿಗಿಳಿಸಬೇಕು. ಹಸಿದವನ ಹೆಸರು ಹೇಳಿ ಈ ಹಣವನ್ನು ಮೊಟಕುಗೊಳಿಸಬಯಸುವ ಲೆಕ್ಕಿಗರು, 2004ರಲ್ಲಿ ನಾಗಪಟ್ಟಿಣದ ದಡದಲ್ಲಿ ಸತ್ತವರಲ್ಲಿ ಬಹುಮಂದಿ ಬಡ ಮೀನುಗಾರರೂ ಅವರ ಹೆಂಡಿರುಮಕ್ಕಳೂ ಆಗಿದ್ದರೆಂಬುದನ್ನು ಲೆಕ್ಕಕ್ಕೆ ಸೇರಿಸಿಲ್ಲ.